ಯೇಸುವಿನ ಬಗ್ಗೆ ಬೇರೆಯವರ ಹತ್ತಿರ ಮಾತಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸಭೆಯ ಬೈಬಲ್ ಅಧ್ಯಯನದ ಗುಂಪಿನಲ್ಲಿ ಸುವಾರ್ತೆಯ, ಅಂದರೆ ಯೇಸುವಿನ ಶುಭಸಂದೇಶ ಹೇಳುವುದರ, ಮಾತು ಬಂದಾಗಲೆಲ್ಲ ಹೆಚ್ಚುಕಡಿಮೆ ಇದೇ ಪ್ರಶ್ನೆಗಳು ಏಳುತ್ತವೆ. ಕೆಲವರು ಹುರುಪಿನಿಂದ ಕೇಳುತ್ತಾರೆ, ಕೆಲವರು ಅಳುಕುತ್ತಾ ಕೇಳುತ್ತಾರೆ. ಈಗೀಗ ಅಳುಕೇ ಜಾಸ್ತಿ. ನಾನು ಪಾದ್ರಿಯಲ್ಲ, ಸಭೆಯ ಒಬ್ಬ ಸಾಮಾನ್ಯ ಸದಸ್ಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ದಾರಿ ಹಿಡಿಯಬೇಕು ಅನ್ನುವುದು ಎದುರಿಗಿರುವ ಮನುಷ್ಯನನ್ನು ನೋಡಿ ತೀರ್ಮಾನವಾಗಬೇಕು. ಆತನಿಗೆ ಕೇಳುವ ಸ್ವಾತಂತ್ರ್ಯ ಇದೆ, ಬೇಡ ಅನ್ನುವ ಸ್ವಾತಂತ್ರ್ಯವೂ ಇದೆ. ಬೇಡ ಅನ್ನುವುದಕ್ಕೆ ಜಾಗ ಬಿಡದ ಯಾವ ದಾರಿಯೂ ಯೇಸುವಿನದ್ದಲ್ಲ.

ಇಷ್ಟೊಂದು ವಿಧಾನಗಳಿವೆಯಲ್ಲ, ಇವುಗಳಲ್ಲಿ ಯಾವುದು ಸರಿ?

ಬೈಬಲ್ಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಸುವಾರ್ತೆ ಪುಸ್ತಕಗಳನ್ನು ಓದಿ ನೋಡಿ. ಯೇಸು ಇಬ್ಬರ ಹತ್ತಿರ ಒಂದೇ ಥರ ಮಾತಾಡಿದ್ದು ಕಾಣುವುದಿಲ್ಲ. ರಾತ್ರಿ ಹೊತ್ತು ಬಂದ ನಿಕೊದೇಮನಿಗೆ ಹೊಸ ಹುಟ್ಟಿನ ಮಾತು. ಅವನು ಓದಿದವನು, ಅವನ ಹತ್ತಿರ ಚರ್ಚೆ ನಡೆಯುತ್ತದೆ. ಸುಂಕದವನಾದ ಜಕ್ಕಾಯನಿಗೆ ಬೋಧನೆಯೇ ಇಲ್ಲ, ‘ಈಹೊತ್ತು ನಿನ್ನ ಮನೆಗೆ ಬರುತ್ತೇನೆ’ ಅಷ್ಟೇ. ಕುರುಡ ಬಾರ್ತಿಮಾಯನಿಗೆ ‘ನಿನಗೆ ನಾನು ಏನು ಮಾಡಬೇಕು?’ ಎಂಬ ಪ್ರಶ್ನೆ. ಸಮಾರ್ಯದ ಹೆಂಗಸಿನ ಹತ್ತಿರವಂತೂ ತಾನೇ ಮೊದಲು ನೀರು ಕೇಳುತ್ತಾನೆ. ಕೊಡುವುದಕ್ಕಿಂತ ಮೊದಲು ಬೇಡುತ್ತಾನೆ. ಈ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ನಾವು ಸುವಾರ್ತೆ ಅಂದ ಕೂಡಲೇ ಕೊಡುವವರ ಜಾಗದಲ್ಲಿ ಹೋಗಿ ನಿಂತುಬಿಡುತ್ತೇವೆ. ಯೇಸು ಬಾವಿಕಟ್ಟೆಯ ಮೇಲೆ ದಣಿದು ಕೂತಿದ್ದ.

ಹಾಗಾಗಿ ಬೀದಿ ಸಾರೋಣ, ಕರಪತ್ರ, ಸ್ನೇಹ, ಸೇವೆ, ಹಾಡು, ಚರ್ಚೆ ಎಲ್ಲವಕ್ಕೂ ಜಾಗ ಇದೆ. ಎಲ್ಲರ ಮೇಲೂ ಒಂದನ್ನೇ ಹೇರಿದಾಗ ತೊಂದರೆ ಶುರು.

ಒಳ್ಳೆಯವರಾಗಿ ಬದುಕಿ ತೋರಿಸಿದರೆ ಸಾಕಲ್ವಾ? ಬಾಯಿಬಿಟ್ಟು ಹೇಳಲೇಬೇಕಾ?

ಯೇಸುವಿನ ಶಿಷ್ಯ ಪೇತ್ರನ ಮೊದಲನೇ ಪತ್ರದ 3ನೇ ಅಧ್ಯಾಯ, 15ನೇ ವಚನ ಇದಕ್ಕೆ ಸರಿಯಾದ ಉತ್ತರ ಕೊಡುತ್ತದೆ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಏನು ಎಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಅದನ್ನು ಸೌಮ್ಯವಾಗಿ, ಮರ್ಯಾದೆಯಿಂದ ಕೊಡಿ ಎನ್ನುತ್ತಾನೆ ಪೇತ್ರ. ಅಂದರೆ ಯಾರೋ ಕೇಳಬೇಕು. ಕೇಳಬೇಕಾದರೆ ನಮ್ಮ ಬದುಕಿನಲ್ಲಿ ಏನಾದರೂ ಕಾಣಬೇಕು. ಕಂಡು ಕೇಳಿದಾಗ ಬಾಯಿ ಮುಚ್ಚಿಕೊಂಡು ಇರಬಾರದು.

ನಮ್ಮಲ್ಲಿ ಎಷ್ಟೋ ಜನ ಇಪ್ಪತ್ತು ವರ್ಷ ಒಂದೇ ಆಫೀಸಿನಲ್ಲಿ ಇರುತ್ತಾರೆ, ಪಕ್ಕದ ಸೀಟಿನವರಿಗೆ ಇವರು ಯಾಕೆ ಭಾನುವಾರ ಓವರ್‌ಟೈಮ್ ಮಾಡುವುದಿಲ್ಲ ಅನ್ನುವುದು ಕೂಡ ಗೊತ್ತಿರುವುದಿಲ್ಲ. ಅದು ವಿನಯ ಅಂತ ನಮಗೆ ಅನ್ನಿಸಬಹುದು. ಅರ್ಧ ಪಾಲು ಅದು ಸಂಕೋಚ.

ನನಗೆ ಬೈಬಲ್ ಅಷ್ಟಾಗಿ ಗೊತ್ತಿಲ್ಲ. ಯೇಸುವಿನ ಬಗ್ಗೆ ನನ್ನ ಅನುಭವವನ್ನು, ಅಂದರೆ ಸಾಕ್ಷಿಯನ್ನು, ಹೇಳುವುದು ಹೇಗೆ?

ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಯೇಸು ಕಣ್ಣು ಕೊಟ್ಟ ಹುಟ್ಟುಕುರುಡನನ್ನು ನೆನಪು ಮಾಡಿಕೊಳ್ಳಿ. ಫರಿಸಾಯರು ಎಂಬ ಯೆಹೂದಿ ಪಂಥದವರು ಅವನಿಗೆ ದೇವಶಾಸ್ತ್ರದ ಪ್ರಶ್ನೆ ಹಾಕುತ್ತಾರೆ. ಅವನ ಉತ್ತರ ಇಷ್ಟೇ: ಅದೆಲ್ಲ ನನಗೆ ಗೊತ್ತಿಲ್ಲ, ಒಂದು ಗೊತ್ತು, ನಾನು ಕುರುಡನಾಗಿದ್ದೆ, ಈಗ ಕಾಣುತ್ತೇನೆ. ಇಷ್ಟು ಹೇಳಲು ಯಾರಿಗೂ ಪದವಿ ಬೇಡ.

ಆದರೆ ಹೇಳುವ ಭಾಷೆಯ ಬಗ್ಗೆ ಜಾಗ್ರತೆ ಬೇಕು. ಸಭೆಯೊಳಗೆ ನಮಗೆ ರೂಢಿಯಾದ ಮಾತುಗಳು ಹೊರಗಿನವರಿಗೆ ತಲುಪುವುದಿಲ್ಲ. ‘ಕರ್ತನ ಪ್ರಸನ್ನತೆಯಲ್ಲಿ ಆತ್ಮೀಕ ಜಯವನ್ನು ಹೊಂದಿದೆನು’ ಅಂದರೆ ನಿಮ್ಮ ಗೆಳೆಯ ಸುಮ್ನೆ ತಲೆಯಾಡಿಸುತ್ತಾನೆ. ಅದೇ ಮಾತನ್ನು ಹೀಗೆ ಹೇಳಿ ನೋಡಿ: ‘ಅಪ್ಪ ತೀರಿಕೊಂಡ ಮೇಲೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. 23ನೇ ಕೀರ್ತನೆ ಓದುತ್ತಾ ಮಲಗುತ್ತಿದ್ದೆ. ನೋವು ಹೋಗಲಿಲ್ಲ. ಆದರೆ ಒಬ್ಬನೇ ಇದ್ದೇನೆ ಅನ್ನಿಸುವುದು ಕಡಿಮೆಯಾಯಿತು.’ ಇದು ಯಾರಿಗಾದರೂ ಅರ್ಥವಾಗುತ್ತದೆ.

ಇನ್ನೊಂದು ಮಾತು. ಸಾಕ್ಷಿಯನ್ನು ಉಬ್ಬಿಸಬೇಡಿ. ಔಷಧಿಯಿಂದ ವಾಸಿಯಾಗಿದ್ದರೆ ಔಷಧಿಯನ್ನೂ ಡಾಕ್ಟರನ್ನೂ ಹೇಳಿ, ದೇವರಿಗೆ ಸ್ತೋತ್ರ ಹೇಳುವುದಕ್ಕೆ ಅದೇನೂ ಅಡ್ಡಿಯಲ್ಲ. ಯೇಸುವನ್ನು ನಂಬಿದರೆ ಸಾಲ ತೀರುತ್ತದೆ, ಮಗಳ ಮದುವೆ ಆಗುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ನಾಳೆ ಸಾಲ ತೀರದೆ ಹೋದರೆ ಆ ಮನುಷ್ಯ ನಿಮ್ಮನ್ನು ಮಾತ್ರ ಅಲ್ಲ, ದೇವರನ್ನೂ ಸುಳ್ಳುಗಾರ ಅಂದುಕೊಳ್ಳುತ್ತಾನೆ.

ಬೀದಿಯಲ್ಲಿ ಸಾರುವುದು, ಕರಪತ್ರ ಹಂಚುವುದು ಈಗಲೂ ಸರಿಯೇ?

ಕರ್ನಾಟಕದಲ್ಲಿ ಇದಕ್ಕೆ ದೊಡ್ಡ ಚರಿತ್ರೆ ಇದೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಮೂವರು, ಸ್ಯಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದರು. ಹೆಬಿಕ್ ಜಾತ್ರೆಗಳಿಗೆ ಹೋಗಿ ಜನರ ನಡುವೆ ನಿಂತು ಸಾರುತ್ತಿದ್ದ ಮನುಷ್ಯ. ಧೈರ್ಯ ದೊಡ್ಡದು. ಆದರೆ ಪಕ್ಕದವರ ಹಬ್ಬದ ದಿನ, ಅವರ ದೇವರ ತೇರಿನ ಎದುರು ನಿಂತು ಸಾರುವುದನ್ನು ನಾನು ಇವತ್ತು ಯಾರಿಗೂ ಹೇಳಿಕೊಡಲಾರೆ. ನಮ್ಮ ಕ್ರಿಸ್ಮಸ್ ಆರಾಧನೆಯ ಬಾಗಿಲಲ್ಲಿ ಯಾರಾದರೂ ಹಾಗೆ ಮಾಡಿದರೆ ನಮಗೆ ಹೇಗಾಗುತ್ತದೆ?

ಕರಪತ್ರದ ವಿಷಯದಲ್ಲಿ ನನಗೆ ಅಷ್ಟು ವಿರೋಧವಿಲ್ಲ. ಒಬ್ಬರೇ ಕೂತು, ಯಾರ ಒತ್ತಾಯವೂ ಇಲ್ಲದೆ ಓದಬಹುದು, ಬೇಡವಾದರೆ ಬಿಸಾಡಬಹುದು. ಆ ಬಿಡುಗಡೆ ಅದರಲ್ಲಿದೆ. ಆದರೆ ಬಸ್ ನಿಲ್ದಾಣದಲ್ಲಿ ಎದುರು ಬಂದವರ ಕೈಗೆಲ್ಲ ತುರುಕಿದರೆ ಐದು ನಿಮಿಷದಲ್ಲಿ ಯೇಸುವಿನ ಹೆಸರು ನೆಲದ ಮೇಲೆ ಬಿದ್ದಿರುತ್ತದೆ, ಅದರ ಮೇಲೆ ಚಪ್ಪಲಿಗಳು ಓಡಾಡುತ್ತಿರುತ್ತವೆ. ನೋಡಿದಾಗ ಕರುಳು ಚುರ್ ಅನ್ನುತ್ತದೆ. ಕೊಡುವುದಾದರೆ ಮಾತಾಡಿದ ಮೇಲೆ, ‘ಓದ್ತೀರಾ?’ ಎಂದು ಕೇಳಿ ಕೊಡಿ. ಬೇರೆ ಧರ್ಮವನ್ನು ಹಳಿಯುವ ಒಂದು ಸಾಲು ಇದ್ದರೂ ಆ ಕರಪತ್ರ ಮುಟ್ಟಬೇಡಿ.

ಸೇವೆಯ ಜೊತೆ ಸುವಾರ್ತೆ ಹೇಳಿದರೆ ಅದು ಆಮಿಷ ಆಗುವುದಿಲ್ಲವೇ?

ಆಗಬಹುದು. ಅದಕ್ಕೇ ಈ ಪ್ರಶ್ನೆಗೆ ನಾನು ಬೇರೆಲ್ಲಕ್ಕಿಂತ ಹೆಚ್ಚು ಜಾಗ ಕೊಡುತ್ತೇನೆ.

ಮಂಗಳೂರಿನ ಹೆಂಚನ್ನೇ ತೆಗೆದುಕೊಳ್ಳಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಅದಕ್ಕೂ ಮೊದಲೇ ನೇಯ್ಗೆ ಇತ್ತು. ಯಾಕೆ ಶುರು ಮಾಡಿದರು? ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. ಭೂಮಿ ಹೋಗುತ್ತಿತ್ತು, ಕುಲಕಸುಬು ಹೋಗುತ್ತಿತ್ತು. ಅವರಿಗೆ ಅನ್ನ ದುಡಿಯುವ ದಾರಿ ಬೇಕಿತ್ತು. ಅಂದರೆ ಕಷ್ಟಕ್ಕೆ ಬಿದ್ದವರ ಕೈ ಹಿಡಿಯಲು ಬಂದ ಕೆಲಸ ಅದು. ಆದರೂ ಕೆಲಸ ಕೊಡುವವರು, ದೀಕ್ಷಾಸ್ನಾನ ಕೊಟ್ಟು ಸಭೆಗೆ ಸೇರಿಸುವವರು ಒಂದೇ ಸಂಸ್ಥೆಯವರಾದಾಗ, ಬಂದವನು ಯಾವುದಕ್ಕೆ ಬಂದ ಎಂಬ ಅನುಮಾನ ತಪ್ಪಿದ್ದಲ್ಲ. ಆ ಅನುಮಾನವನ್ನು ಹೊರಗಿನವರ ಕುತಂತ್ರ ಅಂತ ತಳ್ಳಿಹಾಕಬಾರದು. ಅದು ನ್ಯಾಯವಾದ ಪ್ರಶ್ನೆ.

ಇನ್ನೊಂದು ಉದಾಹರಣೆ ಶ್ರೀರಂಗಪಟ್ಟಣದ ಕಡೆಯದು. ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ನಿಂತರು. ಲಸಿಕೆ ಯಾರ ಜಾತಿಯನ್ನೂ ಕೇಳಲಿಲ್ಲ. ಸೇವೆ ಅಂದರೆ ನನ್ನ ಮಟ್ಟಿಗೆ ಇದು.

2011ರಲ್ಲಿ ವಿಶ್ವ ಚರ್ಚುಗಳ ಮಂಡಳಿ, ವ್ಯಾಟಿಕನ್ನಿನ ಅಂತರ್ಧರ್ಮೀಯ ಸಂವಾದ ಮಂಡಳಿ ಮತ್ತು ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ, ಹಲವು ಧರ್ಮಗಳ ಜಗತ್ತಿನಲ್ಲಿ ಕ್ರೈಸ್ತ ಸಾಕ್ಷಿ ಹೇಗಿರಬೇಕು ಎಂದು ಒಂದು ದಾಖಲೆ ಹೊರತಂದವು. ಬಡವರ ಕಷ್ಟವನ್ನು ಬಳಸಿಕೊಳ್ಳುವುದು, ಹಣ ಮತ್ತು ಉಡುಗೊರೆಗಳ ಆಸೆ ತೋರಿಸುವುದು ತಪ್ಪು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಕಥೋಲಿಕರು, ಪ್ರೊಟೆಸ್ಟೆಂಟರು, ಇವ್ಯಾಂಜೆಲಿಕಲ್ ಸಭೆಗಳು ಒಂದೇ ಕಾಗದಕ್ಕೆ ಒಪ್ಪುವುದು ಅಪರೂಪ. ನಮ್ಮ ಸಭೆಗಳಲ್ಲಿ ಎಲ್ಲರೂ ಅದನ್ನು ಓದಬೇಕು.

ನಾವು ಆಸ್ಪತ್ರೆ ಭೇಟಿಗೆ ಹೋಗುವವರಿಗೆ ಹೇಳುವುದು ಇಷ್ಟು. ಡ್ರಿಪ್ ಹಾಕಿಸಿಕೊಂಡು ಮಲಗಿದವನು ಎದ್ದು ಹೋಗಲಾರ. ಹಾಗಾಗಿ ಮೊದಲು ‘ನಿಮಗೋಸ್ಕರ ಪ್ರಾರ್ಥನೆ ಮಾಡಬಹುದಾ?’ ಎಂದು ಕೇಳಿ. ಅವನ ಹೆಂಡತಿಯ ಮುಖವನ್ನೂ ನೋಡಿ. ಹೂಂ ಅಂದರೆ ಮೆಲ್ಲಗೆ, ಎರಡು ನಿಮಿಷ. ಪಕ್ಕದ ಹಾಸಿಗೆಯವರಿಗೆ ಕೇಳಿಸುವ ಹಾಗೆ ಕೂಗಬೇಡಿ. ಬೇಡ ಅಂದರೆ ಎಳನೀರು ತಂದುಕೊಟ್ಟು, ಸ್ವಲ್ಪ ಹೊತ್ತು ಕೂತು, ಬನ್ನಿ. ಬೇಡ ಅಂದವರ ಹತ್ತಿರ ಮರುದಿನವೂ ಹೋಗಿ. ಅಲ್ಲೇ ಗೊತ್ತಾಗುತ್ತದೆ ನಾವು ಯಾತಕ್ಕೆ ಹೋಗುತ್ತಿದ್ದೆವು ಅಂತ.

ಹಾಡು, ಕಥೆ, ಕಾವ್ಯದ ಮೂಲಕ ಹೇಳಬಹುದಾ?

ಖಂಡಿತ. ಕನ್ನಡದವರು ದೇವರ ವಿಷಯವನ್ನು ವಚನದಲ್ಲಿ, ದಾಸರ ಪದದಲ್ಲಿ ಕೇಳಿ ಬೆಳೆದವರು. ಇದನ್ನು ಹಿಂದಿನ ಮಿಷನರಿಗಳಲ್ಲಿ ಕೆಲವರು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರತಂದ ಹರ್ಮನ್ ಮೊಗ್ಲಿಂಗ್ ದಾಸರ ಪದಗಳನ್ನೂ ಅಚ್ಚು ಮಾಡಿಸಿದರು. ಫರ್ಡಿನಾಂಡ್ ಕಿಟೆಲ್ ಅಂದ ಕೂಡಲೇ ಎಲ್ಲರಿಗೂ 1894ರ ನಿಘಂಟು ನೆನಪಾಗುತ್ತದೆ. ಅವರು 1862ರಲ್ಲಿ ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಬರೆದದ್ದು ಕ್ರೈಸ್ತರಲ್ಲೇ ಬಹಳ ಜನಕ್ಕೆ ತಿಳಿಯದು. ಮೊದಲು ಈ ನೆಲದ ಮಾತನ್ನು ವರ್ಷಗಟ್ಟಲೆ ಕೂತು ಕಲಿತರು, ಆಮೇಲೆ ಹೇಳಿದರು.

ಮರಾಠಿಯಲ್ಲಿ ಕವಿ ನಾರಾಯಣ ವಾಮನ ಟಿಳಕರು ಅಭಂಗ ಮತ್ತು ಕೀರ್ತನೆಯ ಶೈಲಿಯಲ್ಲೇ ಯೇಸುವನ್ನು ಹಾಡಿದರು. ನಮ್ಮ ಸಂಗೀತ ಪುಸ್ತಕದ ಜರ್ಮನ್ ರಾಗಗಳನ್ನು ನಾನು ತುಂಬಾ ಪ್ರೀತಿಸುತ್ತೇನೆ, ಬಿಡಲಾರೆ. ಆದರೆ ನೆರೆಮನೆಯವರನ್ನು ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಕರೆದ ದಿನ ಒಂದಾದರೂ ಹಾಡು ತಬಲಾ, ಹಾರ್ಮೋನಿಯಂ ಜೊತೆ ಇರಲಿ.

ವಾದ ಮಾಡಿ ಒಪ್ಪಿಸಬಹುದಾ?

ವಾದದಲ್ಲಿ ಗೆಲ್ಲಬಹುದು. ಸೋತವನು ಮನೆಗೆ ಹೋಗಿ ಇನ್ನಷ್ಟು ಓದಿಕೊಂಡು ಬರುತ್ತಾನೆ, ಅಷ್ಟೇ.

ಪ್ರಾಮಾಣಿಕವಾದ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವುದು ಬೇರೆ. ದುಃಖ ಯಾಕಿದೆ, ಪುನರುತ್ಥಾನವನ್ನು ಹೇಗೆ ನಂಬುವುದು ಎಂದು ಯಾರಾದರೂ ಕೇಳಿದರೆ ಅದಕ್ಕೆ ತಯಾರಿ ಬೇಕು, ಓದು ಬೇಕು. ಗ್ರೀಸಿನ ಅಥೇನೆಯಲ್ಲಿ (ಅಥೆನ್ಸ್) ಮೊದಲ ಕಾಲದ ಬೋಧಕ ಪೌಲ ಊರನ್ನೆಲ್ಲ ಸುತ್ತಿ, ಅವರ ಪೂಜಾಸ್ಥಾನಗಳನ್ನು ನೋಡಿ, ಅವರ ಕವಿಗಳ ಮಾತನ್ನೇ ಎತ್ತಿಕೊಂಡು ಮಾತಾಡಿದ. ನಮ್ಮಲ್ಲಿ ಎಷ್ಟು ಜನ ಬಸವಣ್ಣನ ಹತ್ತು ವಚನಗಳನ್ನು ಮನಸ್ಸಿಟ್ಟು ಓದಿದ್ದೇವೆ?

1907ರಲ್ಲಿ ಭಾರತಕ್ಕೆ ಬಂದ ಸ್ಟ್ಯಾನ್ಲಿ ಜೋನ್ಸ್ ಎಂಬ ಮೆಥೋಡಿಸ್ಟ್ ಮಿಷನರಿ ದುಂಡುಮೇಜಿನ ಕೂಟಗಳನ್ನು ನಡೆಸುತ್ತಿದ್ದರು. ಬೇರೆ ಬೇರೆ ಧರ್ಮದವರು ಒಟ್ಟಿಗೆ ಕೂರುತ್ತಿದ್ದರು. ಅಲ್ಲಿ ವಾದಕ್ಕೆ ಜಾಗವಿಲ್ಲ. ನಿಮ್ಮ ಧರ್ಮ ನಿಮ್ಮ ಬದುಕಿನಲ್ಲಿ ಏನು ಮಾಡಿದೆ, ಅದನ್ನು ಅನುಭವದಿಂದ ಹೇಳಿ ಎಂದಷ್ಟೇ ಕೇಳುತ್ತಿದ್ದರು. ಕ್ರೈಸ್ತನೂ ತನ್ನ ಸರದಿ ಬಂದಾಗ ಹೇಳುತ್ತಿದ್ದ, ಉಳಿದ ಹೊತ್ತು ಕೇಳುತ್ತಿದ್ದ. ಇವತ್ತಿಗೂ ಇದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಕಂಡಿಲ್ಲ.

ಬೇರೆಯವರ ದೇವರುಗಳ ಬಗ್ಗೆ ಏನು ಹೇಳಬೇಕು?

ಹಳಿಯುವ ಮಾತು ಒಂದೂ ಬೇಡ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 19ನೇ ಅಧ್ಯಾಯದಲ್ಲಿ ಎಫೆಸದಲ್ಲಿ ಗಲಾಟೆ ಏಳುತ್ತದೆ. ಆಗ ಆ ಪಟ್ಟಣದ ಅಧಿಕಾರಿಯೇ ಜನರ ಮುಂದೆ ನಿಂತು, ಈ ಮನುಷ್ಯರು ನಮ್ಮ ದೇವಿಯನ್ನು ದೂಷಿಸಿದವರಲ್ಲ ಎಂದು ಹೇಳುತ್ತಾನೆ. ಪೌಲನ ಸಂಗಡಿಗರಿಗೆ ಹೊರಗಿನವನು ಕೊಟ್ಟ ಸರ್ಟಿಫಿಕೇಟ್ ಅದು. ನಮ್ಮ ಬಡಾವಣೆಯ ಜನ ನಮ್ಮ ಬಗ್ಗೆ ಹಾಗೆ ಹೇಳಬಲ್ಲರಾ?

ಮನೆಯಲ್ಲಿ ಪ್ರಾರ್ಥನಾ ಕೂಟ ಇದೆ. ಅಕ್ಕಪಕ್ಕದವರನ್ನು ಕರೆಯಬಹುದಾ?

ಕರೆಯಿರಿ, ಆದರೆ ಏನಿದೆ ಎಂದು ಹೇಳಿ ಕರೆಯಿರಿ. ಹುಟ್ಟುಹಬ್ಬದ ಊಟ ಅಂತ ಕರೆದು ಮಧ್ಯದಲ್ಲಿ ಪ್ರಸಂಗ ಶುರು ಮಾಡಿದರೆ ಅದು ಮೋಸ. ಮೈಕ್ ಬೇಡ.

ಆಸಕ್ತಿ ಇರುವವರ ಜೊತೆ ಮಾರ್ಕನ ಸುವಾರ್ತೆ ಓದುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ. ಹದಿನಾರೇ ಅಧ್ಯಾಯ, ಕಥೆ ಓಡುತ್ತದೆ. ಹಳೆಯ ಶೈಲಿಯ ಸತ್ಯವೇದ ನಮಗೆ ಇಂಪು, ಹೊಸಬರಿಗೆ ಸರಳ ಕನ್ನಡದ ಅನುವಾದ ಕೊಡಿ. ಒಂದು ಭಾಗ ಓದಿ, ‘ಇಲ್ಲಿ ನಿಮಗೆ ಏನು ಕಂಡಿತು? ಏನು ಒಪ್ಪಿಗೆಯಾಗಲಿಲ್ಲ?’ ಎಂದು ಕೇಳಿ ಸುಮ್ಮನಾಗಿ. ನಾಲ್ವರು ಗೆಳೆಯರು ಮಾಳಿಗೆ ಕಿತ್ತು ಪಾರ್ಶ್ವವಾಯು ರೋಗಿಯನ್ನು ಇಳಿಸಿದ ಭಾಗವನ್ನು ಒಮ್ಮೆ ಓದಿದಾಗ ನಮ್ಮ ಪಕ್ಕದ ಮನೆಯವರು ಕೇಳಿದರು: ‘ಸರಿ, ಆ ಮನೆಯ ಮಾಳಿಗೆ ರಿಪೇರಿ ಮಾಡಿಸಿಕೊಟ್ಟವರು ಯಾರು?’ ಚಿಕ್ಕಂದಿನಿಂದ ಆ ಕಥೆ ಕೇಳಿದ ನಮಗೆ ಯಾರಿಗೂ ಹೊಳೆಯದ ಪ್ರಶ್ನೆ. ಆ ಸಂಜೆ ಮನೆಯ ಯಜಮಾನನ ಬಗ್ಗೆ, ಬೇರೆಯವರ ಕಷ್ಟಕ್ಕೆ ನಮ್ಮ ಮನೆ ಒಡೆಯಲು ಬಿಡುತ್ತೇವಾ ಎಂಬುದರ ಬಗ್ಗೆ ಮಾತು ಬಹಳ ಹೊತ್ತು ನಡೆಯಿತು. ಕಲಿಸಲು ಕೂತ ನಾವೇ ಕಲಿತೆವು.

ವಾಟ್ಸಾಪಿನಲ್ಲಿ ದಿನಾ ವಚನ ಕಳಿಸುತ್ತೇನೆ. ಅದು ಸಾಕ್ಷಿಯೇ?

ಆಫೀಸಿನ ಗುಂಪಿಗೆ, ಅಪಾರ್ಟ್‌ಮೆಂಟಿನ ಗುಂಪಿಗೆ ಬೇಡ. ಅಲ್ಲಿ ಯಾರೂ ಅದಕ್ಕಾಗಿ ಸೇರಿಲ್ಲ. ಕಷ್ಟದಲ್ಲಿರುವ ಒಬ್ಬರಿಗೆ, ಅವರ ಹೆಸರು ಹಿಡಿದು ನಾಲ್ಕು ಸಾಲು ಬರೆದು ಕಳಿಸಿ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಅದು ಒಳಪಟ್ಟಿದೆ. 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಮ್ಮ ಧರ್ಮದ ತತ್ವಗಳನ್ನು ತಿಳಿಸುವ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದಿತು. ಕರ್ನಾಟಕದಲ್ಲಿ 2022ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆಯ ಹೆಸರಿನ ಕಾಯ್ದೆ ಬಂತು. ಬಲವಂತ, ಆಮಿಷ, ವಂಚನೆ, ಮದುವೆಯ ಮೂಲಕದ ಮತಾಂತರವನ್ನು ಅದು ನಿಷೇಧಿಸುತ್ತದೆ, ಮತಾಂತರಕ್ಕೆ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅನ್ನುತ್ತದೆ. ಅದನ್ನು ಹಿಂತೆಗೆದುಕೊಳ್ಳಲು 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ದೀಕ್ಷಾಸ್ನಾನದ ವಿಷಯ ಬಂದಾಗ ಸಭಾಪಾಲಕರು ವಕೀಲರ ಹತ್ತಿರ ಆ ದಿನದ ಸ್ಥಿತಿ ಕೇಳಿಯೇ ಮುಂದುವರಿಯಬೇಕು.

ಕೂಟಕ್ಕೆ ಗುಂಪು ನುಗ್ಗಿದರೆ ಎದುರು ಮಾತಾಡಬೇಡಿ. ಮಕ್ಕಳನ್ನೂ ವಯಸ್ಸಾದವರನ್ನೂ ಮೊದಲು ಒಳಗೆ ಕಳಿಸಿ, 112ಕ್ಕೆ ಫೋನ್ ಮಾಡಿ, ವಕೀಲರನ್ನು ಕರೆಸಿ.

ವಿದೇಶದಲ್ಲಿರುವ ಬಂಧುಗಳು ಬಂದಾಗ ಸಾರಬಹುದಾ?

ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಪ್ರಚಾರ ಮಾಡುವಂತಿಲ್ಲ. ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇರುವವರಿಗೂ 2021ರ ಅಧಿಸೂಚನೆಯ ಪ್ರಕಾರ ಮಿಷನರಿ ಚಟುವಟಿಕೆಗೆ ವಿಶೇಷ ಅನುಮತಿ ಬೇಕು. ಆರಾಧನೆಗೆ ಬಂದು ಕೂರಲಿ, ಸಂತೋಷ. ವೇದಿಕೆಗೆ ಕರೆದು ಅವರನ್ನು ಕಷ್ಟಕ್ಕೆ ಸಿಕ್ಕಿಸಬೇಡಿ.

ಮಕ್ಕಳಿಗೆ?

ತಂದೆತಾಯಿಗೆ ತಿಳಿಯದೆ ಬೇರೆಯವರ ಮಕ್ಕಳಿಗೆ ಏನನ್ನೂ ಕಲಿಸಬಾರದು. ರಜೆಯ ಬೈಬಲ್ ಶಾಲೆಗೆ ನೆರೆಯ ಮಗು ಬಂದರೆ, ಅಪ್ಪ ಅಮ್ಮನನ್ನು ಭೇಟಿಯಾಗಿ ಅಲ್ಲಿ ಏನೇನು ಹೇಳಿಕೊಡುತ್ತೇವೆ ಎಂದು ಮೊದಲೇ ತಿಳಿಸಿ. ಬೇಡ ಅಂದರೆ ಬೇಡ.

ವರ್ಷಗಟ್ಟಲೆ ಮಾತಾಡಿದರೂ ಅವರು ಒಪ್ಪಲಿಲ್ಲ. ಈಗ ಏನು ಮಾಡಲಿ?

ಮಾರ್ಕ 10ನೇ ಅಧ್ಯಾಯದ ಶ್ರೀಮಂತ ಮನುಷ್ಯ ಬೇಸರದಿಂದ ಹೊರಟುಹೋಗುತ್ತಾನೆ. ಯೇಸು ಅವನನ್ನು ನೋಡಿ ಪ್ರೀತಿಸಿದನು ಎಂದು ಬರೆದಿದೆ. ಹಿಂದೆ ಓಡಿದ ಎಂದು ಬರೆದಿಲ್ಲ. ಕೊರಿಂಥದವರಿಗೆ ಪೌಲ ಹೇಳಿದ್ದೂ ಅದೇ: ನಾನು ನೆಟ್ಟೆ, ಅಪೊಲ್ಲೋಸನು (ಇನ್ನೊಬ್ಬ ಬೋಧಕ) ನೀರು ಹೊಯ್ದ, ಬೆಳೆಸಿದವನು ದೇವರು. ಸ್ನೇಹ ಮುಂದುವರಿಯಲಿ, ಅವರ ಮಗಳ ಮದುವೆಗೆ ಹೋಗಿ, ಅವರ ಮನೆಯ ಹಬ್ಬದೂಟಕ್ಕೆ ಕೂರಿ. ಅವರು ಬದಲಾದರೆ ಮಾತ್ರ ಸ್ನೇಹ ಅನ್ನುವುದಾದರೆ ಅದು ಮೊದಲಿಂದಲೂ ಸ್ನೇಹ ಆಗಿರಲಿಲ್ಲ.

ನಂಬಿಕೆಗೆ ಬಂದವರು ಹೆಸರು ಬದಲಿಸಬೇಕಾ? ಮನೆಯವರನ್ನು ಬಿಟ್ಟು ಬರಬೇಕಾ?

ಹೆಸರು ಬದಲಿಸಬೇಕು ಎಂದು ಬೈಬಲ್ ಎಲ್ಲೂ ಹೇಳುವುದಿಲ್ಲ. ಅಪೊಲ್ಲೋಸ ಎಂಬ ಹೆಸರು ಗ್ರೀಕರ ದೇವರು ಅಪೊಲೋನಿಂದ ಬಂದದ್ದು, ಸಭೆ ಅವನನ್ನು ಅದೇ ಹೆಸರಿನಿಂದ ಕರೆಯಿತು. ಶಿವಕುಮಾರ ಶಿವಕುಮಾರನಾಗಿಯೇ ಯೇಸುವನ್ನು ಹಿಂಬಾಲಿಸಬಹುದು.

ಮನೆಯ ವಿಷಯ ಇನ್ನೂ ಮುಖ್ಯ. ಮಾರ್ಕ 5ರಲ್ಲಿ ದೆವ್ವದಿಂದ ಬಿಡುಗಡೆಯಾದವನು ‘ನಿನ್ನ ಜೊತೆ ಬರುತ್ತೇನೆ’ ಎಂದು ಯೇಸುವನ್ನು ಬೇಡಿಕೊಳ್ಳುತ್ತಾನೆ. ಯೇಸು ಒಪ್ಪುವುದಿಲ್ಲ. ನಿನ್ನ ಮನೆಗೆ, ನಿನ್ನ ಜನರ ಹತ್ತಿರ ಹೋಗು ಅನ್ನುತ್ತಾನೆ. ಆದರೆ ನಮ್ಮಲ್ಲಿ ಕೆಲವು ಸಭೆಗಳು ಹೊಸದಾಗಿ ಬಂದ ಹೆಂಗಸಿಗೆ ಮೊದಲ ವಾರವೇ ಬಳೆ ತೆಗೆ, ಹೂ ಮುಡಿಯಬೇಡ, ತಾಳಿ ಬಿಚ್ಚು ಎಂದು ಹೇಳುತ್ತವೆ. ಸಂಜೆ ಆಕೆ ಮನೆಗೆ ಹೋದಾಗ ಅತ್ತೆಯ ಕಣ್ಣಿಗೆ ಕಾಣುವುದು ಯೇಸುವಲ್ಲ, ಬರಿಗೈ. ಮಗ ಬದುಕಿರುವಾಗಲೇ ಸೊಸೆ ಹೀಗೆ ಬಂದು ನಿಂತರೆ ಆ ತಾಯಿಗೆ ಆಗುವ ಸಂಕಟವನ್ನು ಸಭೆ ಯೋಚಿಸಬೇಕು. ಇದರಿಂದ ಮನೆಗಳು ಒಡೆದಿವೆ, ಆಮೇಲೆ ಆ ಮನೆಯವರ ಹತ್ತಿರ ಯಾರೂ ಯೇಸುವಿನ ಹೆಸರೆತ್ತಲು ಆಗಿಲ್ಲ.

ಹೊಸದಾಗಿ ನಂಬಿದವರಿಗೆ ನಾವು ಹೇಳುವುದು: ಮನೆಯಲ್ಲೇ ಇರಿ. ಮೊದಲಿಗಿಂತ ಹೆಚ್ಚು ಕೆಲಸಕ್ಕೆ ಕೈ ಹಾಕಿ. ಪೂಜೆಯಲ್ಲಿ ಕೂರಲು ಮನಸ್ಸು ಒಪ್ಪದಿದ್ದರೆ ಜಗಳ ಮಾಡದೆ ತಾಳ್ಮೆಯಿಂದ ಹೇಳಿ, ಆದರೆ ಹಬ್ಬದ ಅಡುಗೆಗೆ, ಬಂದವರ ಉಪಚಾರಕ್ಕೆ ಮುಂದೆ ನಿಲ್ಲಿ. ದೀಕ್ಷಾಸ್ನಾನಕ್ಕೆ ಅವಸರ ಬೇಡ. ಸಭಾಪಾಲಕರು ಮನೆಯವರನ್ನು ಒಮ್ಮೆಯಾದರೂ ಭೇಟಿಯಾಗಲಿ, ಅವರ ಬೈಗುಳ ಇದ್ದರೆ ಅದನ್ನೂ ಕೂತು ಕೇಳಲಿ. ಮನೆಯವರೇ ಹೊರಗೆ ಹಾಕಿದರೆ, ಆಗ ಸಭೆಯ ಒಂದು ಮನೆಯಲ್ಲಿ ಆಕೆಗೆ ಒಂದು ಕೋಣೆ ತಯಾರಿರಬೇಕು, ಯಾರ ಮನೆ ಅನ್ನುವುದು ಮೊದಲೇ ತೀರ್ಮಾನವಾಗಿರಬೇಕು.